ಎರಡನೆಯ ದಿನವೂ ಬನ್ನಿ

(ಅಫಜಲಪುರ ತಾಲ್ಲೂಕಿನ ಗೊಬ್ಬೂರದಲ್ಲಿ, ವಿದ್ಯಾರ್ಥಿಗಳ ಸೇವಾ ಶಿಬಿರಕ್ಕೆ ಮುನ್ನ ನಡೆದ ಸಭೆಯಲ್ಲಿ, ಮಲೆನಾಡಿನಿಂದ ಹೋಗಿದ್ದ ನಮ್ಮ ಬಳಗದವರ ಸಮ್ಮುಖದಲ್ಲಿ, ಸ್ಥಳೀಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಪಾಠ.)



ಕಾಡಿನ ನಾಡಿನಿಂದ ಬಂದವರಿಗೆ ಈ ಬಯಲಿನಲ್ಲಿ ಏನು ಕೆಲಸ ಎಂದು ನಮ್ಮಲ್ಲಿ ಕೆಲವರು ಕೇಳುತ್ತಿದ್ದಾರೆ. ಸಹಜವಾದ ಪ್ರಶ್ನೆಯೇ. ಚಿಂಚೋಳಿಯ ಕಡೆಯ ಕಾಡನ್ನು ಬಿಟ್ಟರೆ ನಮ್ಮ ಜಿಲ್ಲೆಯಲ್ಲಿ ಅರಣ್ಯವೆಂದು ತೋರಿಸುವುದಕ್ಕೆ ಹೆಚ್ಚೇನೂ ಇಲ್ಲ. ಕಣ್ಣು ಹಾಯಿಸಿದಷ್ಟು ದೂರ ಎರೆಭೂಮಿ, ತೊಗರಿ, ಜೋಳ. ನಡುವೆ ಅಲ್ಲೊಂದು ಇಲ್ಲೊಂದು ಬೇವು. ಆದರೆ ನಮ್ಮ ಭೀಮೆ ಹುಟ್ಟುವುದು ಸಹ್ಯಾದ್ರಿಯ ಭೀಮಾಶಂಕರದಲ್ಲಿ. ಅಲ್ಲಿ ಸುರಿದ ಮಳೆಯೇ ಪಂಢರಪುರವನ್ನು ದಾಟಿ, ಅಫಜಲಪುರ ಮತ್ತು ಜೇವರ್ಗಿಯ ದಂಡೆಗಳನ್ನು ಹಾದು ಕೃಷ್ಣೆಯನ್ನು ಸೇರುತ್ತದೆ. ಗುಡ್ಡದ ಮೇಲೆ ಕಾಡು ತೆಳುವಾದರೆ ಅದರ ಫಲವನ್ನು ಬಯಲು ಉಣ್ಣಬೇಕಾಗುತ್ತದೆ. ಆದ್ದರಿಂದ ಅವರ ಕೆಲಸ ಬೇರೆ, ನಮ್ಮದು ಬೇರೆ ಎನ್ನುವಂತಿಲ್ಲ.

ಈ ದಿನ ನಾನು ನಿಮ್ಮ ಮುಂದೆ ನಿಂತಿರುವುದು ಒಂದೇ ಒಂದು ಬೇಡಿಕೆಯೊಡನೆ: ಶಿಬಿರಕ್ಕೆ ಬನ್ನಿ, ಬಂದವರು ಎರಡನೆಯ ದಿನವೂ ಬನ್ನಿ. ಮೊದಲ ದಿನಕ್ಕೆ ಜನರ ಕೊರತೆ ಯಾವ ಊರಿನಲ್ಲಿಯೂ ಇರುವುದಿಲ್ಲ. ಜೂನ್ 5ರಂದು ಪರಿಸರ ದಿನಾಚರಣೆಯಾಗುತ್ತದೆ. ಬ್ಯಾನರ್ ಕಟ್ಟುತ್ತಾರೆ, ಗುಂಡಿ ತೋಡುತ್ತಾರೆ, ಒಂದು ಸಸಿಗೆ ಹತ್ತು ಕೈಗಳು ಸೇರುತ್ತವೆ, ಭಾವಚಿತ್ರ ತೆಗೆಯಲಾಗುತ್ತದೆ. ಮುಂದಿನ ವರ್ಷ ಅದೇ ಗುಂಡಿಯಲ್ಲಿ ಮತ್ತೊಂದು ಸಸಿಯನ್ನು ನೆಡಬೇಕಾಗುತ್ತದೆ. ಏಕೆಂದರೆ ನಮ್ಮ ನೆಲದಲ್ಲಿ ಸಸಿಯ ಅಳಿವು ಉಳಿವು ತೀರ್ಮಾನವಾಗುವುದು ಜೂನ್ ತಿಂಗಳಲ್ಲಲ್ಲ, ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ. ಬಿಸಿಲು 40 ಡಿಗ್ರಿಯನ್ನು ದಾಟಿದಾಗ ಎರೆಮಣ್ಣು ಬಿರುಕು ಬಿಡುತ್ತದೆ; ಆ ಬಿರುಕಿನಲ್ಲಿ ಎಳೆಯ ಬೇರುಗಳು ಹರಿದು ಒಣಗುತ್ತವೆ. ಆಗ ಒಂದು ಕೊಡ ನೀರು ಹೊತ್ತು ತರುವವರು ಯಾರು?

ಈ ಪ್ರಶ್ನೆಗೆ ನಮ್ಮ ನಾಡಿನಲ್ಲಿಯೇ ಉತ್ತರವಿದೆ. 2025ರ ನವೆಂಬರ್ 14ರಂದು ನಮ್ಮನ್ನು ಅಗಲಿದ ಸಾಲುಮರದ ತಿಮ್ಮಕ್ಕನವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಕೂಲಿ ಮಾಡಿ ಬದುಕಿದವರು. ಹುಲಿಕಲ್ ಮತ್ತು ಕುದೂರಿನ ನಡುವಣ ರಸ್ತೆಯ ಬದಿಯಲ್ಲಿ ಪತಿಯೊಡನೆ ಸೇರಿ ಆಲದ ಸಸಿಗಳನ್ನು ನೆಟ್ಟರು, ಮೈಲಿಗಟ್ಟಲೆ ನೀರು ಹೊತ್ತರು, ದನ ಮೇಯದಂತೆ ಮುಳ್ಳಿನ ಬೇಲಿ ಕಟ್ಟಿದರು. ನೆಟ್ಟವರೆಂದು ನಾವು ಅವರನ್ನು ಕೊಂಡಾಡುತ್ತೇವೆ. ನಿಜವಾಗಿ ಅವರು ನೀರೆರೆದವರು, ಕಾದವರು.

ಮಲೆನಾಡಿನ ಉದಾಹರಣೆಯನ್ನೂ ನೋಡೋಣ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಸುತ್ತಲಿನ ಯುವಕರೂ ಮಹಿಳೆಯರೂ ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡರು. ಹಿಮಾಲಯದ ಚಿಪ್ಕೋ ಚಳವಳಿಯ ಸ್ಫೂರ್ತಿ ಅವರಿಗಿತ್ತು. ಅಪ್ಪಿದ ಚಿತ್ರವನ್ನು ಎಲ್ಲರೂ ನೆನಪಿಡುತ್ತಾರೆ. ಆದರೆ ಒಂದು ದಿನ ಅಪ್ಪಿ ಮನೆಗೆ ಮರಳಿದ್ದರೆ ಮರುದಿನ ಕೊಡಲಿ ಬೀಳುತ್ತಿತ್ತು. ಮಳೆಯಲ್ಲಿ, ಜಿಗಣೆಗಳ ನಡುವೆ, ವಾರಗಟ್ಟಲೆ ಸರದಿಯ ಮೇಲೆ ಅವರು ಕಾಡಿನಲ್ಲಿ ನಿಂತರು. ಮರಳಿ ಬಂದ ಮೇಲೂ ಸುಮ್ಮನಾಗದೆ ಹಳ್ಳಿ ಹಳ್ಳಿಗೆ ಹೋಗಿ ತಿಳಿವಳಿಕೆ ಮೂಡಿಸಿದರು. ‘ಉಳಿಸು, ಬೆಳೆಸು, ಬಳಸು’ ಎಂಬ ಮೂರು ಮಾತುಗಳು ಆ ಚಳವಳಿಯ ಧ್ಯೇಯವಾದವು. ಅದರಲ್ಲಿ ‘ಬಳಸು’ ಎಂಬುದೂ ಇದೆಯೆನ್ನುವುದನ್ನು ಗಮನಿಸಿ. ಸೌದೆ, ಸೊಪ್ಪು, ಮೇವು ಬೇಕಾದ ಬಡವನನ್ನು ಕಾಡಿನ ಶತ್ರುವೆಂದು ಅವರು ಬಗೆಯಲಿಲ್ಲ.

ಮಿತ್ರರೇ, ವಿದ್ಯಾರ್ಥಿಗಳ ಸೇವೆಗೆ ನಮ್ಮ ದೇಶದಲ್ಲಿ ಒಂದು ಚೌಕಟ್ಟೂ ಇದೆ. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು, ಡಾ. ವಿ.ಕೆ.ಆರ್.ವಿ. ರಾವ್ ಅವರು ಕೇಂದ್ರ ಶಿಕ್ಷಣ ಸಚಿವರಾಗಿದ್ದಾಗ, 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಆರಂಭವಾಯಿತು. ‘ನನಗಲ್ಲ, ನಿನಗೆ’ ಎಂಬುದು ಅದರ ಧ್ಯೇಯವಾಕ್ಯ. ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ, ಜೊತೆಗೆ ಹಳ್ಳಿಯಲ್ಲಿ 7 ದಿನಗಳ ವಿಶೇಷ ಶಿಬಿರ. 240 ಗಂಟೆಗಳನ್ನು 2 ವರ್ಷಗಳಿಗೆ ಹಂಚಿದರೆ ವಾರಕ್ಕೆ ಎರಡೂವರೆ ಗಂಟೆಯೂ ಆಗುವುದಿಲ್ಲ. ಪ್ರಮಾಣಪತ್ರಕ್ಕಾಗಿ ಈ ಗಂಟೆಗಳನ್ನು ಪುಸ್ತಕದಲ್ಲಿ ತುಂಬಬಹುದು. ಅಥವಾ ಅಷ್ಟೇ ಸಮಯದಲ್ಲಿ ಒಂದು ಊರಿನ ಬಾವಿಯ ಹೂಳನ್ನು ತೆಗೆಯಬಹುದು. ಆಯ್ಕೆ ನಮ್ಮದು.

‘ದಾನ ಮಾಡುವಷ್ಟು ನಮ್ಮಲ್ಲಿ ಏನಿದೆ?’ ಎಂದು ಕೇಳುವವರಿದ್ದಾರೆ. ಅವರಿಗೆ ನಾನು ನೆನಪಿಸಬೇಕಾದುದು ದಾಸೋಹದ ವಿಚಾರ. ಈ ನೆಲದಲ್ಲಿ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸವೇಶ್ವರರು ಒಕ್ಕಲುತನ ಮಾಡುತ್ತಲೇ ದಾಸೋಹ ನಡೆಸಿದವರು. ದಾನದಲ್ಲಿ ಕೊಡುವ ಕೈ ಮೇಲಿರುತ್ತದೆ, ಪಡೆಯುವ ಕೈ ಕೆಳಗಿರುತ್ತದೆ. ದಾಸೋಹದಲ್ಲಿ ಕೊಡುವವನೇ ದಾಸ. ಕಾಯಕದಿಂದ ಬಂದುದನ್ನು ಸಮಾಜಕ್ಕೆ ಮರಳಿಸುವುದಷ್ಟೇ ಅವನ ಪಾಲಿನದು. ನಮ್ಮ ಬಳಿ ಹಣವಿಲ್ಲದಿರಬಹುದು. ತೋಳಿನಲ್ಲಿ ಬಲವಿದೆ, ಅಕ್ಷರವಿದೆ, ರಕ್ತವಿದೆ.

ರಕ್ತದ ಮಾತು ಬಂದುದರಿಂದ ಒಂದೆರಡು ಸಂಗತಿಗಳನ್ನು ಸ್ಪಷ್ಟಪಡಿಸುತ್ತೇನೆ. 18 ವರ್ಷ ತುಂಬಿದ, 45 ಕಿಲೋಗಿಂತ ಕಡಿಮೆ ತೂಕವಿಲ್ಲದ ಆರೋಗ್ಯವಂತರು ರಕ್ತ ಕೊಡಬಹುದು. ಗಂಡಸರು 3 ತಿಂಗಳಿಗೊಮ್ಮೆ, ಹೆಂಗಸರು 4 ತಿಂಗಳಿಗೊಮ್ಮೆ. ಕೊಟ್ಟರೆ ಶಕ್ತಿಗುಂದುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಆದರೆ ರಕ್ತಹೀನತೆ ಇರುವವರು ಕೊಡಬಾರದು. ಆದ್ದರಿಂದಲೇ ಮೊದಲು ಪರೀಕ್ಷೆ ಮಾಡುತ್ತಾರೆ. ಆ ಪರೀಕ್ಷೆಯಿಂದ ನಮ್ಮ ಎಷ್ಟೋ ಸಹೋದರಿಯರಿಗೆ ತಮ್ಮ ರಕ್ತಹೀನತೆ ತಿಳಿದುಬರುವುದೂ ಒಂದು ಲಾಭವೇ. ಹೆರಿಗೆಯ ವೇಳೆ ರಕ್ತಸ್ರಾವವಾದ ತಾಯಿಗೆ ಬೇಕಾದ ರಕ್ತವನ್ನು ಯಾವ ಕಾರ್ಖಾನೆಯೂ ತಯಾರಿಸಲಾರದು.

ಇನ್ನು ಭೀಮೆಯ ಪ್ರವಾಹ. ಮೇಲಿನ ಸೀಮೆಯಲ್ಲಿ ಮಳೆ ಹೆಚ್ಚಿ, ಉಜನಿ ಜಲಾಶಯದಿಂದ ನೀರು ಬಿಟ್ಟಾಗ ನಮ್ಮ ದಂಡೆಯ ಹಳ್ಳಿಗಳಿಗೆ ಏನಾಗುತ್ತದೆಂಬುದನ್ನು 2020ರ ಅಕ್ಟೋಬರಿನಲ್ಲಿ ಕಂಡೆವು. 2025ರ ಸೆಪ್ಟೆಂಬರಿನಲ್ಲಿ ಮತ್ತೆ ಕಂಡೆವು. ಕೊಯ್ಲಿಗೆ ಬರಬೇಕಾದ ಬೆಳೆ ನೀರಿನಲ್ಲಿ ನಿಂತಿತು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಉತ್ತರ ಕರ್ನಾಟಕದ ಊರುಗಳಿಂದ ಜೋಳದ ರೊಟ್ಟಿಯ ಗಂಟುಗಳು ಅಲ್ಲಿಗೆ ಹೋದವು. ಗುಡ್ಡಕ್ಕೂ ಬಯಲಿಗೂ ಇರುವ ಈ ಕೊಡುಕೊಳ್ಳುವಿಕೆ ಹೀಗೆಯೇ ಉಳಿಯಲಿ. ಆದರೆ ನೀರು ಬಂದ ಮೇಲೆ ರೊಟ್ಟಿ ಹಂಚುವುದರ ಜೊತೆಗೆ, ನೀರು ಬರುವ ಮೊದಲೇ ಮಾಡಬಹುದಾದ ಕೆಲಸವೂ ಉಂಟು. ಯಾವ ಮನೆಯಲ್ಲಿ ನಡೆಯಲಾರದ ಹಿರಿಯರಿದ್ದಾರೆ, ಎಲ್ಲಿ ಬಾಣಂತಿಯಿದ್ದಾಳೆ, ಎತ್ತರದ ಜಾಗ ಯಾವುದು, ದನಗಳನ್ನು ಎಲ್ಲಿಗೆ ಹೊಡೆಯಬೇಕು ಎಂಬ ಪಟ್ಟಿಯನ್ನು ವಿದ್ಯಾರ್ಥಿಗಳು ಮಳೆಗಾಲಕ್ಕೆ ಮುನ್ನವೇ ಸಿದ್ಧಪಡಿಸಿ ಪಂಚಾಯಿತಿಗೆ ಕೊಡಬಹುದು. ಜಾಗೃತಿ ಎಂದರೆ ಕೇವಲ ಘೋಷಣೆ ಕೂಗುವುದಲ್ಲ.

ನಂಬಿಕೆಯ ವಿಷಯದಲ್ಲಿಯೂ ವಿನಯದಿಂದ ಮಾತನಾಡಬೇಕಾಗಿದೆ. ಭೀಮಾ ಮತ್ತು ಅಮರ್ಜಾ ನದಿಗಳು ಕೂಡುವ ಗಾಣಗಾಪುರದ ಸಂಗಮದಲ್ಲಿ ಮಿಂದು, ಉಟ್ಟ ಬಟ್ಟೆಯನ್ನು ಅಲ್ಲಿಯೇ ಬಿಡುವ ಯಾತ್ರಿಕರಿದ್ದಾರೆ. ಅವರನ್ನು ಹಂಗಿಸಿದರೆ ನದಿ ಶುದ್ಧವಾಗದು. ಬಟ್ಟೆಯನ್ನು ನೀರಿಗೆ ಬಿಡದೆ ದಂಡೆಯ ಬುಟ್ಟಿಗೆ ಹಾಕಿರೆಂದು ಕೈಮುಗಿದು ಹೇಳುವ ನಾಲ್ವರು ಯುವಕರು ಪರ್ವದಿನಗಳಲ್ಲಿ ಅಲ್ಲಿ ನಿಂತರೆ ಕೆಲವರಾದರೂ ಕೇಳುತ್ತಾರೆ.

ಅಡಚಣೆಗಳು ನನಗೂ ತಿಳಿದಿವೆ. ತೊಗರಿ ರಾಶಿಯ ಕಾಲದಲ್ಲಿ ಮನೆಯವರು ಬಿಡುವುದಿಲ್ಲ. ಹಾಗಾದರೆ ರಾಶಿ ಮುಗಿದ ಮೇಲೆ ಶಿಬಿರ ಇಡೋಣ. ಹೆಣ್ಣುಮಕ್ಕಳನ್ನು ಕಳುಹಿಸಲು ತಂದೆತಾಯಿಗಳು ಹಿಂಜರಿಯುತ್ತಾರೆ; ಅವರ ಕೆಲಸವನ್ನು ಹಗಲಿನಲ್ಲಿ, ಊರಿನಲ್ಲಿಯೇ ಇಡೋಣ, ತಾಯಂದಿರನ್ನೂ ಕರೆಯೋಣ. ಪರೀಕ್ಷೆಯ ತಿಂಗಳಲ್ಲಿ ಯಾರನ್ನೂ ಕರೆಯುವುದು ಬೇಡ.

ನನ್ನ ಸಲಹೆ ಸರಳವಾದುದು. ಐದೈದು ಜನರ ತಂಡ ಮಾಡಿಕೊಳ್ಳೋಣ. ತಂಡಕ್ಕೆ ಹತ್ತೇ ಸಸಿ: ಬೇವು, ಹುಣಸೆ, ಬನ್ನಿ. ಮೃಗಶಿರಾ ಮಳೆ ಬಿದ್ದ ಮೇಲೆ ನೆಡೋಣ. ಪ್ರತಿ ಸಸಿಯ ಪಕ್ಕದಲ್ಲಿ ಒಂದು ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ಹೂಳೋಣ. ಅದರಲ್ಲಿ ನೀರು ತುಂಬಿ ಬಾಯಿ ಮುಚ್ಚಿದರೆ ಹಲವು ದಿನ ಬೇರಿಗೆ ತೇವ ಜಿನುಗುತ್ತದೆ. ಬಿಸಿಲಿಗೆ ಆರಿಹೋಗುವುದು ಕಡಿಮೆ. ಆಡು ಮೇಯದಂತೆ ಜಾಲಿಮುಳ್ಳಿನ ಬೇಲಿ ಕಟ್ಟೋಣ. ಬೇಸಿಗೆ ಮುಗಿದ ಬಳಿಕ ಇದೇ ಸ್ಥಳದಲ್ಲಿ ಸೇರಿ, ನೆಟ್ಟದ್ದೆಷ್ಟು ಎಂದು ಕೇಳದೆ ಉಳಿದದ್ದೆಷ್ಟು ಎಂದು ಎಣಿಸೋಣ. ಹತ್ತರಲ್ಲಿ ನಾಲ್ಕು ಉಳಿದರೆ ನಾಲ್ಕೆಂದೇ ಬರೆಯೋಣ.

ಸಭೆಯ ಕೊನೆಯಲ್ಲಿ ಹಾಜರಿ ಪುಸ್ತಕ ನಿಮ್ಮ ಬಳಿ ಬರುತ್ತದೆ. ಹೆಸರಿನ ಮುಂದೆ, ಏಪ್ರಿಲ್ ತಿಂಗಳಲ್ಲಿ ನೀವು ನೀರು ಹಾಕಲು ಬರುವ ವಾರವನ್ನೂ ದಯವಿಟ್ಟು ಬರೆಯಿರಿ.