ಶ್ರೀರಾಮಪುರದ ಕನ್ನಡ, ನಮ್ಮೂರ ಸಭೆಯ ದಫ್ತರ



ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ನಮ್ಮ ಕರಾವಳಿಯ ಕ್ರೈಸ್ತ ಚರಿತ್ರೆ ಎಂದೊಡನೆ ಚಂದಾವರದ ಸಂತ ಫ್ರಾನ್ಸಿಸ್ ಝೇವಿಯರ್ ಇಗರ್ಜಿ ಕಣ್ಣಮುಂದೆ ಬರುತ್ತದೆ. ಡಿಸೆಂಬರ್ 3ರ ಹಬ್ಬಕ್ಕೆ ಅಲ್ಲಿ ಸೇರುವವರೆಲ್ಲ ಕ್ರೈಸ್ತರೇ ಅಲ್ಲ. ಅದರ ನಂತರ ಬಾಸೆಲ್ ಮಿಷನ್ ಹೆಸರು ಬರುತ್ತದೆ. ಬ್ಯಾಪ್ಟಿಸ್ಟ್ ಎಂದರೆ ಮಾತ್ರ ಹಲವರಿಗೆ ತಿಳಿದಿರುವುದು ಬೆಂಗಳೂರಿನ ಹೆಬ್ಬಾಳದಲ್ಲಿ 1973ರಲ್ಲಿ ಆರಂಭವಾದ ಆಸ್ಪತ್ರೆ ಒಂದೇ. ಆದರೆ ಕನ್ನಡಕ್ಕೂ ಬ್ಯಾಪ್ಟಿಸ್ಟರಿಗೂ ಇರುವ ನಂಟು ಬಾಸೆಲ್ ಮಿಷನ್ನಿಗಿಂತ ಹಳೆಯದು. ಅದು ಹುಟ್ಟಿದ್ದು ಬಂಗಾಳದ ಶ್ರೀರಾಮಪುರದಲ್ಲಿ.

ಬ್ಯಾಪ್ಟಿಸ್ಟರ ನಂಬಿಕೆಯ ತಿರುಳು ಎರಡು ಮಾತಿನದು. ತಿಳಿವಳಿಕೆ ಬಂದ ಮೇಲೆ, ಸ್ವಂತ ಮನಸ್ಸಿನಿಂದ ನಂಬಿದವರಿಗೇ ದೀಕ್ಷಾಸ್ನಾನ, ಅದೂ ನೀರಿನಲ್ಲಿ ಪೂರ್ತಿ ಮುಳುಗಿ. ಇನ್ನು ಊರಿನ ಸಭೆಯೇ ತನಗೆ ತಾನು ಯಜಮಾನ, ಅದರ ಮೇಲೆ ಬಿಷಪ್ ಇಲ್ಲ. ಸ್ವಂತ ತಿಳಿವಳಿಕೆಯಿಂದ ನಂಬಬೇಕೆಂದರೆ ಸ್ವಂತ ಭಾಷೆಯಲ್ಲಿ ಓದಲೇಬೇಕಲ್ಲ. ಆದ್ದರಿಂದಲೇ ಕನ್ನಡದಲ್ಲಿ ಒಂದು ಸಭೆಯೂ ಇಲ್ಲದಿದ್ದಾಗ ಅವರು ಕನ್ನಡ ಪುಸ್ತಕಕ್ಕೆ ಕೈಹಾಕಿದರು.

ಚಪ್ಪಲಿ ಹೊಲಿಯುವ ಕೆಲಸ ಕಲಿತಿದ್ದ ಬ್ಯಾಪ್ಟಿಸ್ಟ್ ಮಿಷನರಿ ವಿಲಿಯಂ ಕೇರಿ 1793ರಲ್ಲಿ ಕಲ್ಕತ್ತೆಗೆ ಬಂದಿಳಿದ. ಈಸ್ಟ್ ಇಂಡಿಯಾ ಕಂಪನಿಗೆ ಮಿಷನರಿಗಳು ಬೇಡವಾಗಿದ್ದರು. ಹಾಗಾಗಿ 1800ರಲ್ಲಿ ಡೇನರ ಆಳ್ವಿಕೆಯ ಶ್ರೀರಾಮಪುರದಲ್ಲಿ ಅವನು ನೆಲೆಸಿದ. ಅದೇ ವರ್ಷ ಡಿಸೆಂಬರ್ 28ರಂದು ಬಡಗಿ ಕೃಷ್ಣ ಪಾಲ್ ಹೂಗ್ಲಿ ನದಿಯಲ್ಲಿ ದೀಕ್ಷಾಸ್ನಾನ ಪಡೆದ. ಕೇರಿಯ ಸಂಗಡಿಗ ವಿಲಿಯಂ ವಾರ್ಡ್ ಮುದ್ರಣಾಲಯ ನೋಡಿಕೊಂಡ. ಅಕ್ಷರದ ಅಚ್ಚು ಕೊರೆದವರು ಪಂಚಾನನ ಕರ್ಮಕಾರ, ಅವನ ನಂತರ ಅಳಿಯ ಮನೋಹರ.

1812ರ ಮಾರ್ಚ್ 11ರ ಸಂಜೆ ಆ ಮುದ್ರಣಾಲಯಕ್ಕೆ ಬೆಂಕಿ ಬಿತ್ತು. ಕಾಗದದ ರಾಶಿಗೆ ಹತ್ತಿದ ಬೆಂಕಿ ಬಹಳ ಹೊತ್ತು ಉರಿಯಿತು. ಕಲ್ಕತ್ತೆಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಕೇರಿಗೆ ಇನ್ನೊಬ್ಬ ಸಂಗಡಿಗ ಜೋಶುವಾ ಮಾರ್ಷ್‌ಮನ್ ಹೋಗಿ ಸುದ್ದಿ ಮುಟ್ಟಿಸಿದ. ಸುಟ್ಟುಹೋದದ್ದರಲ್ಲಿ ತೆಲುಗು ವ್ಯಾಕರಣದ ಹಸ್ತಪ್ರತಿಯಿತ್ತು, ಕೇರಿಯ ಕನ್ನಡ ಬೈಬಲ್ ಅನುವಾದವಿತ್ತು. ಬೂದಿ ಕೆದಕಿದ ವಾರ್ಡ್‌ಗೆ ಅಚ್ಚುಮೊಳೆ ಎರಕಕ್ಕೆ ಬೇಕಾದ ಉಕ್ಕಿನ ಪಡಿಯಚ್ಚುಗಳು ಕೆಡದೆ ಸಿಕ್ಕವು. ಕರಗಿ ನೆಲದಲ್ಲಿ ಹೆಪ್ಪುಗಟ್ಟಿದ್ದ ಸೀಸವನ್ನೇ ಬಳಿದು ತಂದು ಮತ್ತೆ ಮೊಳೆ ಎರೆದರು. ಕೇರಿ ಮತ್ತೆ ಮೊದಲಿನಿಂದ ಕುಳಿತ. 1817ರಲ್ಲಿ ಅವನ ಕನ್ನಡ ವ್ಯಾಕರಣ ಅಚ್ಚಾಯಿತು. 1820ರ ದಶಕದ ಆರಂಭದಲ್ಲಿ ಶ್ರೀರಾಮಪುರದ ಕನ್ನಡ ಹೊಸ ಒಡಂಬಡಿಕೆ ಹೊರಬಂತು.

ಈ ಶ್ರಮದ ಮುಂದೆ ನಾನು ತಲೆಬಾಗುತ್ತೇನೆ. ಆದರೂ ಒಂದು ಮಾತು ಹೇಳಲೇಬೇಕು. ಕೇರಿ ಕನ್ನಡ ನಾಡಿನಲ್ಲಿ ಬಾಳಿದವನಲ್ಲ, ಅವನ ಕನ್ನಡ ಪಂಡಿತರ ಬಾಯಿಂದ ಕೇಳಿ ಕಲಿತದ್ದು. ವ್ಯಾಕರಣದ ಮುಖಪುಟದಲ್ಲಿ ಇರುವುದು ಅವನೊಬ್ಬನ ಹೆಸರು, ಆ ಪಂಡಿತರದ್ದಲ್ಲ. ಇತ್ತ 1810ರಿಂದ ಬಳ್ಳಾರಿಯಲ್ಲಿ ಜನರ ನಡುವೆ ಬದುಕಿದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವನ ಸಂಗಡಿಗರು 1831ರ ಹೊತ್ತಿಗೆ ಇಡೀ ಬೈಬಲನ್ನು ಕನ್ನಡಕ್ಕೆ ತಂದರು. ನಿಂತದ್ದು ಬಳ್ಳಾರಿಯ ಕನ್ನಡ. 1834ರ ಜೂನ್‌ನಲ್ಲಿ ಕೇರಿ ತೀರಿಕೊಂಡ, ಅದೇ ವರ್ಷ ಅಕ್ಟೋಬರ್‌ನಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. ಮುಂದಿನ ಕಥೆ, 1843ರ ‘ಮಂಗಳೂರ ಸಮಾಚಾರ’, 1894ರ ಕಿಟ್ಟೆಲ್ ನಿಘಂಟು, ನಿಮಗೆಲ್ಲ ಗೊತ್ತಿದ್ದದ್ದೇ.

ಇನ್ನು ನಮ್ಮೂರಿನ ಮಾತು. ಕಥೋಲಿಕ ಇಗರ್ಜಿಯ ಹಿಂದೆ ಧರ್ಮಪ್ರಾಂತ್ಯವಿದೆ. ನಮ್ಮ ಜಿಲ್ಲೆಗೆ 1976ರಿಂದ ಕಾರವಾರದ್ದೇ ಇದೆ. ಬಾಸೆಲ್ ಮಿಷನ್ನಿನ ಕಾಗದಪತ್ರಗಳು ಬಾಸೆಲ್‌ನಲ್ಲೂ ಮಂಗಳೂರಿನ ಬಲ್ಮಠದಲ್ಲೂ ಭದ್ರವಾಗಿವೆ. ತನಗೆ ತಾನೇ ಯಜಮಾನನಾದ ಸಭೆಗೆ ಆ ಆಸರೆ ಇಲ್ಲ. ಯಾರು ಯಾವಾಗ ನೀರಿಗಿಳಿದರು, ಜಾಗ ಯಾರು ಕೊಟ್ಟರು, ಯಾವ ವಿಷಯಕ್ಕೆ ಸಭೆ ಎರಡಾಯಿತು, ಮತ್ತೆ ಹೇಗೆ ಕೂಡಿತು ಎಂಬುದೆಲ್ಲ ಇರುವುದು ಕಾರ್ಯದರ್ಶಿಯ ಮನೆಯ ಕಪಾಟಿನ ಒಂದು ನಡಾವಳಿ ಪುಸ್ತಕದಲ್ಲಿ. ನಮ್ಮ ಉಪ್ಪುಗಾಳಿಗೆ, ಜೂನ್‌ನಿಂದ ಹಿಡಿಯುವ ಮಳೆಗೆ, ಗೆದ್ದಲಿಗೆ ಅಂಥ ಪುಸ್ತಕ ಎಷ್ಟು ಕಾಲ ತಡೆದೀತು? ಶ್ರೀರಾಮಪುರದಲ್ಲಿ ಬೆಂಕಿಯ ನಂತರ ಉಕ್ಕಿನ ಅಚ್ಚಾದರೂ ಉಳಿದಿತ್ತು, ಮತ್ತೆ ಬರೆಯಲು ಕೇರಿಯೂ ಬದುಕಿದ್ದ. ನಮ್ಮ ಹಿರಿಯರು ಹೋದರೆ ಹೇಳುವವರೇ ಇಲ್ಲ.

ಅದಕ್ಕೇ ಸಣ್ಣ ಸಭೆಗಳನ್ನು ನಡೆಸುವವರಲ್ಲಿ ನನ್ನ ಬಿನ್ನಹ: ಈ ಮಳೆಗಾಲಕ್ಕೆ ಮುಂಚೆ ದಫ್ತರ ಹೊರತೆಗೆಯಿರಿ. ಪುಟ ಪುಟದ ಚಿತ್ರ ತೆಗೆದು ಮೂರು ಮನೆಗಳಲ್ಲಿ ಪ್ರತಿ ಇಡಿ. ಹಿರಿಯರನ್ನು ಕೂರಿಸಿಕೊಂಡು ಅವರ ಮಾತನ್ನು ಅವರದೇ ಕನ್ನಡದಲ್ಲಿ, ಕೊಂಕಣಿಯಾದರೆ ಕೊಂಕಣಿಯಲ್ಲೇ ಬರೆದಿಡಿ. ಬರೆಸಿಕೊಟ್ಟವರ ಹೆಸರನ್ನು ಮೊದಲ ಪುಟದಲ್ಲೇ ಹಾಕಿ.