64 ಜನ, 66 ವೋಟು

ಇವತ್ತು ಟೆಕ್ಸಸ್‌ನ ಲವಿಂಗ್ ಕೌಂಟಿ ಬಗ್ಗೆ ಮಾತಾಡೋಣ. ಕೌಂಟಿ ಅಂದ್ರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಇದ್ದ ಹಾಗೆ. ಜಾಗ ಸುಮಾರು 1,750 ಚದರ ಕಿಲೋಮೀಟರ್. 2020ರ ಜನಗಣತಿಯಲ್ಲಿ ಅಲ್ಲಿದ್ದವರು 64 ಜನ. ಹೈದರಾಬಾದ್‌ನಲ್ಲಿ ನಾನಿರೋ ಅಪಾರ್ಟ್‌ಮೆಂಟಿನ ಎರಡು ಫ್ಲೋರಿಗೆ ಸಾಕು ಅಷ್ಟು!

ಹೆಸರು ಬಂದಿದ್ದು ಆಲಿವರ್ ಲವಿಂಗ್ ಅನ್ನೋ ದನದ ವ್ಯಾಪಾರಿಯಿಂದ. ಚಾರ್ಲ್ಸ್ ಗುಡ್‌ನೈಟ್ ಜೊತೆ 1866ರಲ್ಲಿ ಪೆಕೋಸ್ ನದಿ ದಡ ಹಿಡಿದು ನ್ಯೂ ಮೆಕ್ಸಿಕೋ ಕಡೆಗೆ ದನದ ಹಿಂಡು ಹೊಡ್ಕೊಂಡು ಹೋದ. ಮರುವರ್ಷ ಕೊಮ್ಯಾಂಚಿಗಳ ದಾಳಿಯಲ್ಲಿ ಗಾಯಗೊಂಡು ದೂರದಲ್ಲೇ ತೀರಿಕೊಂಡ. ಆಮೇಲೆ ಗುಡ್‌ನೈಟ್ ಅವನ ದೇಹವನ್ನು ಊರಿಗೆ, ಟೆಕ್ಸಸ್‌ನ ವೆದರ್‌ಫರ್ಡ್‌ಗೆ ತಲುಪಿಸಿದ.

ಈಗ ಮಜಾ ಕೇಳಿ. 1893ರಲ್ಲಿ ಡೆನ್ವರ್‌ನಿಂದ ಬಂದ ಕೆಲವರು, ಕಾಲುವೆ ಕಂಪನಿಯವರು, 150 ಮತದಾರರ ಸಹಿ ಇದೆ ಅಂತ ಅರ್ಜಿ ಕೊಟ್ಟು ಕೌಂಟಿ ಆಡಳಿತ ಶುರು ಮಾಡಿಸಿದ್ರು. ಅಲ್ಲಿ ಅಷ್ಟು ಜನ ಇದ್ದರಾ ಅನ್ನೋದೇ ಅನುಮಾನ. ನಾಲ್ಕು ವರ್ಷದಲ್ಲಿ ಹೆಚ್ಚಿನ ಅಧಿಕಾರಿಗಳು ಜಾಗ ಖಾಲಿ ಮಾಡಿದ್ದರು. 1897ರಲ್ಲಿ ಶಾಸನಸಭೆ ಕೌಂಟಿಯನ್ನೇ ರದ್ದು ಮಾಡಿ ಪಕ್ಕದ ರೀವ್ಸ್‌ಗೆ ಸೇರಿಸಿತು. ರಾಂಚಿನವರು ದನ ಮೇಯಿಸಿಕೊಂಡು ಉಳಿದರು. ಎಣ್ಣೆ ಸಿಕ್ಕಮೇಲೆ, 1931ರಲ್ಲಿ, ಮತ್ತೆ ಕೌಂಟಿ ಆಯ್ತು. ಟೆಕ್ಸಸ್‌ನಲ್ಲಿ ಎರಡು ಸಲ ಸ್ಥಾಪನೆಯಾದ ಕೌಂಟಿ ಇದೊಂದೇ. ಆ ರಾಜ್ಯದ ಮೊದಲ ಚುನಾಯಿತ ಮಹಿಳಾ ಶೆರಿಫ್ ಕೂಡ 1940ರ ದಶಕದಲ್ಲಿ ಇಲ್ಲಿಂದಲೇ: ಎಡ್ನಾ ಡಿವೀಸ್. ಗನ್ ಇಟ್ಕೊಳ್ತಿರಲಿಲ್ಲವಂತೆ.

2020ರ ಅಧ್ಯಕ್ಷೀಯ ಚುನಾವಣೆಯಲ್ಲಿ ಇಲ್ಲಿ ಬಿದ್ದ ವೋಟು 66. ಮಕ್ಕಳೂ ಸೇರಿ 64 ಜನ, ನೆನಪಿರಲಿ. 1893ರ ಥರದ ಮೋಸ ಅಂತ ತಕ್ಷಣ ಹೇಳೋಕಾಗಲ್ಲ. ಟೆಕ್ಸಸ್ ಕಾನೂನಿನಲ್ಲಿ, ತಾತ್ಕಾಲಿಕವಾಗಿ ಹೊರಗಿದ್ದರೂ ವಾಪಸ್ ಬರುವ ಉದ್ದೇಶ ಇದ್ದರೆ ಅದೇ ನಿಮ್ಮ ಊರು. ಹಾಗಾಗಿ ಕೆಲಸಕ್ಕೆ ಬೇರೆ ಕಡೆ ಇದ್ದವರು ಇಲ್ಲೇ ವೋಟು ಹಾಕ್ತಾರೆ, ಇಲ್ಲೇ ಇರುವವರು ಸಿಟ್ಟಾಗ್ತಾರೆ. ಒಂದೆರಡು ವೋಟಲ್ಲೇ ಅಧಿಕಾರ ಕೈ ಬದಲಾಗೋ ಜಾಗ ಅದು.

ನಮ್ಮ 1950ರ ಜನಪ್ರತಿನಿಧಿ ಕಾಯ್ದೆ ಹೇಳೋದು 'ಸಾಮಾನ್ಯವಾಗಿ ವಾಸಿಸುವ' ಜಾಗ. ಅಲ್ಲಿ ಮನೆ ಇದೆ ಅನ್ನೋದಷ್ಟೇ ಸಾಲದು. ತಾತ್ಕಾಲಿಕವಾಗಿ ಹೊರಗಿದ್ದೀರಿ ಅನ್ನೋ ಒಂದೇ ಕಾರಣಕ್ಕೆ ಹಕ್ಕು ಹೋಗೋದೂ ಇಲ್ಲ. ನನ್ನ ಹೆಸರು ಇನ್ನೂ ಹಾವೇರಿ ಕಡೆಯ ನಮ್ಮ ಹಳ್ಳಿಯ ಪಟ್ಟಿಯಲ್ಲಿದೆ. ಬಂದು ಹನ್ನೊಂದು ವರ್ಷ. ಪಂಚಾಯ್ತಿ ಎಲೆಕ್ಷನ್ ದಿನ ಬಸ್ಸಿಳಿದಾಗ ಪಕ್ಕದ ಮನೆ ಕಾಕಾ ಕೇಳಿದ್ರು: 'ಬೋರ್‌ವೆಲ್ ಯಾವುದು ಬತ್ತಿದೆ ಅಂತಾದ್ರೂ ಗೊತ್ತೇನೋ ನಿನಗೆ?' ಗೊತ್ತಿರಲಿಲ್ಲ. ವೋಟು ಹಾಕಿ ಬಂದೆ.