ಬರುತ್ತೇನೆ ಅಂದ ಮೇಲೆ ಬರಲೇಬೇಕು

(ಮಕ್ಕಳಿಗೆ ಮಾರ್ಗದರ್ಶಕರಾಗಲು ಮುಂದೆ ಬಂದ ಸ್ವಯಂಸೇವಕರ ತರಬೇತಿ ಶಿಬಿರದಲ್ಲಿ ನೀಡಿದ ಭಾಷಣ)



ವಾರಕ್ಕೊಮ್ಮೆ ಒಂದು ಮಗುವಿಗೆ ಅಕ್ಕನಾಗಿ, ಅಣ್ಣನಾಗಿ ಜೊತೆ ನಿಲ್ಲಲು ನೀವು ಹೆಸರು ಕೊಟ್ಟಿದ್ದೀರಿ. ತುಂಬಾ ಸಂತೋಷ. ಆದರೆ ಮೊದಲು ನನ್ನದೊಂದು ತಪ್ಪನ್ನು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ನಾನು ನೋಡಿಕೊಳ್ಳುತ್ತಿದ್ದ ಹಾಸ್ಟೆಲಿನಲ್ಲಿ ಆರನೇ ತರಗತಿಯ ಒಂದು ಮಗು ಇತ್ತು. ತಂದೆ ಇಲ್ಲ, ತಾಯಿ ಗಾರೆ ಕೆಲಸಕ್ಕೆಂದು ಊರೂರು ತಿರುಗುವವರು. ಆ ಮಗುವಿಗೆ ಕಾಲೇಜಿನ ಒಬ್ಬ ಅಕ್ಕನನ್ನು ಜೊತೆ ಮಾಡಿದೆ. ಆಕೆ ಪ್ರತಿ ಶನಿವಾರ ಬಂದು ಲೆಕ್ಕ ಹೇಳಿಕೊಡುತ್ತಿದ್ದಳು, ಜಡೆ ಹಾಕುತ್ತಿದ್ದಳು. ಎರಡು ತಿಂಗಳಾಯಿತು. ಪರೀಕ್ಷೆ ಬಂತು, ಆಮೇಲೆ ಆಕೆ ಬರಲೇ ಇಲ್ಲ. ಮಗು ಮಾತ್ರ ಐದಾರು ಶನಿವಾರ ಗೇಟಿನ ಹತ್ತಿರ ಕಾದು ಕೂತಿತು. ಒಂದು ದಿನ ನನ್ನನ್ನು ಕೇಳಿತು: "ಸಿಸ್ಟರ್, ನಾನೇನಾದ್ರೂ ತಪ್ಪು ಮಾಡಿದ್ನಾ?"

ತಪ್ಪು ಮಾಡಿದ್ದು ನಾನು. "ಆಗುವಷ್ಟು ದಿನ ಬಾಮ್ಮ, ಸಾಕು" ಎಂದು ಆ ವಿದ್ಯಾರ್ಥಿನಿಗೆ ಹೇಳಿದ್ದವಳು ನಾನೇ.

ಇದು ನನ್ನೊಬ್ಬಳ ಅನುಭವವಲ್ಲ. ಅಮೆರಿಕದ 'ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್' ಸಂಸ್ಥೆ ಇದೇ ಕೆಲಸ ಮಾಡುತ್ತದೆ. ಅದರ ಮೂಲ 1904ರ ನ್ಯೂಯಾರ್ಕಿನಲ್ಲಿದೆ. ಮಕ್ಕಳ ನ್ಯಾಯಾಲಯದ ಗುಮಾಸ್ತರೊಬ್ಬರು ಅಲ್ಲಿಗೆ ಬರುತ್ತಿದ್ದ ಹುಡುಗರಿಗೆ ಒಬ್ಬೊಬ್ಬ ಹಿರಿಯರನ್ನು ಜೊತೆ ಮಾಡಿದರು. 1995ರಲ್ಲಿ ಪ್ರಕಟವಾದ ಅಧ್ಯಯನವೊಂದು 10ರಿಂದ 16 ವರ್ಷದ ಸುಮಾರು 950 ಮಕ್ಕಳನ್ನು ಗಮನಿಸಿತು. ಜೊತೆ ಸಿಕ್ಕ ಮಕ್ಕಳು, ಸಿಗದೆ ಕಾಯುತ್ತಿದ್ದ ಮಕ್ಕಳಿಗಿಂತ ಶಾಲೆ ತಪ್ಪಿಸಿದ್ದು ಸುಮಾರು ಅರ್ಧದಷ್ಟು ಮಾತ್ರ. ಮಾದಕ ವಸ್ತುವಿಗೆ ಕೈಹಾಕುವ ಸಾಧ್ಯತೆಯೂ ಶೇ. 46ರಷ್ಟು ಕಡಿಮೆ. ಆದರೆ 2002ರಲ್ಲಿ ಅದೇ ಮಾಹಿತಿಯನ್ನು ಮತ್ತೆ ಪರಿಶೀಲಿಸಿದಾಗ ಇನ್ನೊಂದು ವಿಷಯ ಗೊತ್ತಾಯಿತು. ಒಂದು ವರ್ಷಕ್ಕೂ ಮೀರಿ ಉಳಿದ ಸಂಬಂಧದಿಂದ ಹೆಚ್ಚು ಲಾಭ. ಬೇಗನೆ ಮುರಿದುಬಿದ್ದ ಸಂಬಂಧದಿಂದ ಮಕ್ಕಳಿಗೆ ನಷ್ಟವೇ ಆಗಿತ್ತು. ಅರ್ಧದಲ್ಲಿ ಬಿಡುವುದಕ್ಕಿಂತ ಶುರು ಮಾಡದಿರುವುದೇ ಮೇಲು.

ನಮ್ಮ ಸಂತ ಜಾನ್ ಬೋಸ್ಕೊ ಅವರನ್ನು ನೆನೆಯಿರಿ. 1841ರ ಡಿಸೆಂಬರಿನಲ್ಲಿ ಟ್ಯೂರಿನ್ ನಗರದ ದೇವಾಲಯದಲ್ಲಿ, ಪೂಜೆಗೆ ನೆರವಾಗಲು ಬರುವುದಿಲ್ಲವೆಂದು ಹೊಡೆಸಿಕೊಂಡು ಓಡಿದ ಅನಾಥ ಹುಡುಗನನ್ನು ಅವರು ವಾಪಸ್ ಕರೆಸಿದರು. ಓದು ಬರುತ್ತದಾ ಎಂದರೆ ಇಲ್ಲ. ಹಾಡು ಬರುತ್ತದಾ ಎಂದರೆ ಅದೂ ಇಲ್ಲ. ಕೊನೆಗೆ "ಸಿಳ್ಳೆ ಹಾಕೋಕೆ ಬರುತ್ತಾ?" ಎಂದರಂತೆ. ಹುಡುಗ ನಕ್ಕ. ಉಪದೇಶ ಆಮೇಲೆ, ನಗು ಮೊದಲು. ಅವನನ್ನು ಮತ್ತೆ ಬಾ ಎಂದರು, ಅವನು ಬಂದಾಗ ತಾವೂ ಅಲ್ಲಿದ್ದರು. ಅಷ್ಟೇ ಅವರ ಗುಟ್ಟು.

ಈಗ ನಮ್ಮ ಕೆಲವು ನಿಯಮಗಳು. ಕನಿಷ್ಠ ಒಂದು ವರ್ಷ ಬರಬೇಕು. ಬರಲಾಗದ ವಾರ ಮೊದಲೇ ತಿಳಿಸಬೇಕು, ಮಗುವಿನ ಜೊತೆ ನೀವೇ ಮಾತಾಡಬೇಕು. ಹಣ, ಮೊಬೈಲು, ದೊಡ್ಡ ಉಡುಗೊರೆ ಬೇಡ. ಭೇಟಿ ನಾಲ್ಕು ಜನ ಕಾಣುವ ಜಾಗದಲ್ಲೇ ಆಗಬೇಕು. ಮಗುವಿನ ಫೋಟೋ, ಕಥೆ ಯಾರಿಗೂ ಕಳಿಸಬಾರದು. ನಿಮ್ಮ ಹಿನ್ನೆಲೆಯನ್ನೂ ವಿಚಾರಿಸುತ್ತೇವೆ, ಬೇಸರ ಮಾಡಿಕೊಳ್ಳಬೇಡಿ.

ಇನ್ನೊಂದು ಮುಖ್ಯ ಮಾತು. "ಅಕ್ಕಾ, ಯಾರಿಗೂ ಹೇಳಲ್ಲ ಅಂತ ಆಣೆ ಮಾಡಿ" ಎಂದು ಮಗು ಕೇಳಬಹುದು. ಆಣೆ ಮಾಡಬೇಡಿ. "ನಿನ್ನನ್ನು ಕಾಪಾಡೋಕೆ ಬೇಕಾದ್ರೆ ಹೇಳಬೇಕಾಗುತ್ತೆ, ನಾನು ಜೊತೆಗಿರ್ತೀನಿ" ಎನ್ನಿ. ಲೈಂಗಿಕ ದೌರ್ಜನ್ಯ ಗೊತ್ತಾದರೆ 2012ರ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಪ್ರತಿಯೊಬ್ಬರ ಕರ್ತವ್ಯ, ಮುಚ್ಚಿಟ್ಟರೆ ಅಪರಾಧ. ಮಕ್ಕಳ ಸಹಾಯವಾಣಿ 1098 ನಿಮ್ಮ ನೆನಪಿನಲ್ಲಿರಲಿ.

ಕೆಲಸ, ಮದುವೆ ಅಂತ ನೀವು ಒಂದು ದಿನ ಹೊರಡಲೇಬೇಕಾಗುತ್ತದೆ. ಆಗ ತಿಂಗಳ ಮೊದಲೇ ಹೇಳಿ, ಕಾರಣ ಹೇಳಿ, ಬೀಳ್ಕೊಡುಗೆಗೆ ಒಂದು ದಿನ ಇಡಿ. "ನಿನ್ನ ತಪ್ಪಲ್ಲ" ಎಂಬುದನ್ನು ಬಾಯಿ ಬಿಟ್ಟು ಹೇಳಿ.

ಈ ಸಂಜೆ ಮನೆಗೆ ಹೋಗಿ ಪ್ರಾರ್ಥಿಸಿ, ನಿಮ್ಮ ಬಿಡುವು ಲೆಕ್ಕ ಹಾಕಿ. ಆಗುವುದಿಲ್ಲ ಎನಿಸಿದರೆ ನಾಳೆ ಬಂದು ಹೇಳಿ, ನಾವೇನೂ ಅಂದುಕೊಳ್ಳುವುದಿಲ್ಲ. ಬೇರೆ ಕೆಲಸ ಬೇಕಾದಷ್ಟಿದೆ. ಆಗುತ್ತದೆ ಎನ್ನುವವರು ಮುಂದಿನ ಶನಿವಾರ ಬನ್ನಿ. ಗೇಟಿನ ಹತ್ತಿರ ಒಂದು ಮಗು ನಿಮ್ಮ ದಾರಿ ಕಾಯುತ್ತಿರುತ್ತದೆ.

ದೇವರು ನಿಮ್ಮನ್ನು ಆಶೀರ್ವದಿಸಲಿ.